ಸುದ್ದಿ ಓದುವವರು ಹವಾಮಾನ ಓದಬೇಕಾದರೆ ಏನೇನು ಗೊತ್ತಿರಬೇಕು?

ಒಂದೂವರೆ_ನಿಮಿಷ ಕೇಳಿದ್ದು:

ಕನ್ನಡ ಸುದ್ದಿ ವಾಹಿನಿಯೊಂದರಲ್ಲಿ ರಾತ್ರಿ ವಾರ್ತೆಯ ಕೊನೆಗೆ ಒಂದೂವರೆ ನಿಮಿಷದ ಹವಾಮಾನ ಭಾಗ ನನಗೆ ವಹಿಸಿದ್ದಾರೆ. ಜೂನ್‌ನಿಂದ ಶುರು. ಓದಿರೋದು ಪತ್ರಿಕೋದ್ಯಮ, ವಿಜ್ಞಾನ ಪಿಯುಸಿವರೆಗೆ ಮಾತ್ರ. ಟೆಲಿಪ್ರಾಂಪ್ಟರ್ ನೋಡಿ ಸುದ್ದಿ ಓದೋದು ಕಷ್ಟವಲ್ಲ, ಆದರೆ ಇಲ್ಲಿ ಹಸಿರು ಗೋಡೆ ಮುಂದೆ ನಿಂತು ಕೈ ತೋರಿಸಬೇಕು, ಪ್ರಾಂಪ್ಟರ್ ಇರಲ್ಲ ಅಂತಾರೆ.

ಮೂರು ವಿಷಯ ತಿಳಿಯಬೇಕು. ಹವಾಮಾನ ಇಲಾಖೆಯ ಬುಲೆಟಿನ್ನನ್ನು ಅರ್ಥ ಕೆಡದ ಹಾಗೆ ಮಾತಿಗೆ ಇಳಿಸೋದು ಹೇಗೆ? ನಕ್ಷೆ ಮುಂದೆ ನಿಲ್ಲೋದು ಹೇಗೆ? ಮುನ್ಸೂಚನೆ ತಪ್ಪಿದ ಮರುದಿನ ಏನು ಹೇಳಬೇಕು? ಇದನ್ನೇ ವೃತ್ತಿಯಾಗಿ ಮುಂದುವರಿಸೋಕೆ ದಾರಿ ಇದೆಯಾ ಅನ್ನೋದನ್ನೂ ತಿಳಿದವರು ಹೇಳಿ.

ಎಂಟೂವರೆ ಉತ್ತರ:

ಮೊದಲಿಗೆ ಗಡಿಯಾರ. ಹವಾಮಾನ ಇಲಾಖೆಯ ದಿನ ಶುರುವಾಗುವುದು ಬೆಳಿಗ್ಗೆ 8.30ಕ್ಕೆ, ಮಧ್ಯರಾತ್ರಿಗಲ್ಲ. ಭಾನುವಾರ ಸಂಜೆ ಸುರಿದ ಮಳೆಯನ್ನು ಸೋಮವಾರ ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಾರೆ, ಅದು ಸೋಮವಾರದ ಪಟ್ಟಿಯಲ್ಲಿ ಬರುತ್ತದೆ. ಸೋಮವಾರ ರಾತ್ರಿ ನೀವು ಆ ಪಟ್ಟಿ ಹಿಡಿದು "ಇಂದು ಇಲ್ಲಿ 12 ಸೆಂ.ಮೀ. ಮಳೆಯಾಗಿದೆ" ಎಂದರೆ, ದಿನವಿಡೀ ಬಿಸಿಲು ಕಂಡ ಆ ಊರಿನವರು ಚಾನೆಲ್ ಬದಲಿಸುತ್ತಾರೆ. "ಇಂದು ಬೆಳಿಗ್ಗೆ ಎಂಟೂವರೆಗೆ ಮುಗಿದ 24 ಗಂಟೆಗಳಲ್ಲಿ" ಎಂದು ಒಮ್ಮೆ ಹೇಳಿಬಿಡಿ, ಉದ್ದವಾದರೂ ಚಿಂತೆಯಿಲ್ಲ. ಮುನ್ಸೂಚನೆಗೂ ಇದೇ ಲೆಕ್ಕ: ಮೊದಲ ದಿನದ ಮುನ್ಸೂಚನೆ ಮರುದಿನ ಬೆಳಿಗ್ಗೆ ಎಂಟೂವರೆವರೆಗೆ ಅನ್ವಯ.

ಎರಡನೆಯದು ಅಳತೆ. ಇಲಾಖೆಯ ಪ್ರಮುಖ ಮಳೆ ಪಟ್ಟಿ ಸೆಂಟಿಮೀಟರಿನಲ್ಲಿ ಇರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು ಮಿಲಿಮೀಟರಿನಲ್ಲಿ. ಒಂದರಲ್ಲಿ "ಆಗುಂಬೆ 11" ಎಂದಿದ್ದರೆ ಅದು 110 ಮಿ.ಮೀ. ಎರಡೂ ಪಟ್ಟಿಯನ್ನು ಒಂದೇ ಗ್ರಾಫಿಕ್ಸಿಗೆ ಸುರಿದಾಗ ಆಗುವ ಎಡವಟ್ಟು ಇದೇ. ಇನ್ನೊಂದು: ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ, ಇಲಾಖೆಯವು ಅಷ್ಟು ದಟ್ಟವಾಗಿಲ್ಲ. ಒಂದೇ ತಾಲ್ಲೂಕಿಗೆ ಎರಡು ಅಂಕಿ ಬಂದರೆ ಎರಡೂ ಸರಿಯೇ ಇರಬಹುದು. ಎಲ್ಲಿ ಅಳೆದದ್ದು ಎಂದು ಹೇಳಿದರೆ ಜಗಳವೇ ಇಲ್ಲ.

ಇನ್ನು ಪದಗಳು. ಬುಲೆಟಿನ್ನಿನ ಒಂದು ವಾಕ್ಯದಲ್ಲಿ ಮೂರು ಬೇರೆ ಬೇರೆ ವಿಷಯ ಇರುತ್ತವೆ: ಎಷ್ಟು ಕಡೆ, ಎಷ್ಟು ಜೋರು, ಎಷ್ಟು ಖಚಿತ.

ಎಷ್ಟು ಕಡೆ ಎಂಬುದು ಆ ಪ್ರದೇಶದ ಮಾಪನ ಕೇಂದ್ರಗಳ ಲೆಕ್ಕ. ನೂರಕ್ಕೆ 25ರವರೆಗೆ ಮಳೆ ಕಂಡರೆ "ಒಂದೆರಡು ಕಡೆ", 26ರಿಂದ 50 "ಕೆಲವು ಕಡೆ", 51ರಿಂದ 75 "ಹಲವು ಕಡೆ", ಅದರ ಮೇಲೆ "ಬಹುತೇಕ ಎಲ್ಲ ಕಡೆ". ಎಷ್ಟು ಜೋರು ಎಂಬುದು 24 ಗಂಟೆಯ ಮಳೆ: 15.6ರಿಂದ 64.4 ಮಿ.ಮೀ. ಸಾಧಾರಣ, 64.5ರಿಂದ 115.5 ಭಾರಿ, 115.6ರಿಂದ 204.4 ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ. ಎಷ್ಟು ಖಚಿತ ಎಂಬುದಕ್ಕೂ ಶೇಕಡಾವಾರು ಮೆಟ್ಟಿಲುಗಳಿವೆ. ಬರೀ "ಸಾಧ್ಯತೆ" ಎಂದರೆ 25ರಿಂದ 50, "ಹೆಚ್ಚು ಸಾಧ್ಯತೆ" ಎಂದರೆ 50ರಿಂದ 75.

ಬುಲೆಟಿನ್ನಿನಲ್ಲಿ "ಕರಾವಳಿಯ ಬಹುತೇಕ ಎಲ್ಲ ಕಡೆ ಮಳೆ, ಒಂದೆರಡು ಕಡೆ ಅತಿ ಭಾರಿ ಮಳೆ ಸಾಧ್ಯತೆ" ಎಂದಿರುತ್ತದೆ. ಡೆಸ್ಕಿನಲ್ಲಿ ಇದನ್ನು ಕತ್ತರಿಸಿ "ಕರಾವಳಿಯಲ್ಲಿ ಅತಿ ಭಾರಿ ಮಳೆ" ಮಾಡುತ್ತಾರೆ. ಎರಡು ಊರಿಗೆ ಇದ್ದ ಎಚ್ಚರಿಕೆ ಮೂರು ಜಿಲ್ಲೆಗೂ ಹರಡಿತು. ಮರುದಿನ ಮಳೆ ಬಾರದ ಊರಿನವರು ಬೈಯುವುದು ಇಲಾಖೆಯನ್ನು, ತಪ್ಪು ನಡೆದದ್ದು ಕತ್ತರಿಯಲ್ಲಿ.

ಸ್ಕ್ರಿಪ್ಟಿನಲ್ಲಿ "ವರುಣಾರ್ಭಟ", "ರಣಮಳೆ", "ಕುಂಭದ್ರೋಣ" ಇದ್ದರೆ ತೆಗೆಸಿ. "ಭಾರಿ" ಎಂಬ ಪದಕ್ಕೆ ಮಿಲಿಮೀಟರಿನ ಬೆಲೆ ಕಟ್ಟಿದ್ದಾರೆ, ಇವಕ್ಕೆ ಯಾರೂ ಕಟ್ಟಿಲ್ಲ. "ಮೇಘಸ್ಫೋಟ" ಇನ್ನೂ ಅಪಾಯ: ಸಣ್ಣ ಪ್ರದೇಶದಲ್ಲಿ ಒಂದೇ ಗಂಟೆಯಲ್ಲಿ 100 ಮಿ.ಮೀ. ಸುರಿದರೆ ಮಾತ್ರ ಆ ಹೆಸರು. ರಾತ್ರಿಯಿಡೀ ಸುರಿದು 100 ಆದರೆ ಅದು ಭಾರಿ ಮಳೆ ಅಷ್ಟೇ.

ಇಲಾಖೆಯ ಎಚ್ಚರಿಕೆಯ ಬಣ್ಣಗಳು: ಹಳದಿ ಎಂದರೆ ಗಮನಿಸುತ್ತಿರಿ, ಕಿತ್ತಳೆ ಎಂದರೆ ಸಜ್ಜಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಹಸಿರಿಗೆ ಎಚ್ಚರಿಕೆ ಇಲ್ಲ. ರೆಡ್ ಅಲರ್ಟ್ ಬಂದ ಕೂಡಲೇ "ನಾಳೆ ಶಾಲೆಗಳಿಗೆ ರಜೆ" ಎಂದು ಬಾಯಿತಪ್ಪಿಯೂ ಹೇಳಬೇಡಿ. ರಜೆ ಕೊಡುವುದು ಜಿಲ್ಲಾಧಿಕಾರಿ, ಆದೇಶ ಕೈಗೆ ಬಂದ ಮೇಲೆ ಮಾತ್ರ ಆ ಮಾತು.

ಹಸಿರುಗೋಡೆ ಉತ್ತರ:

ನಾನು ಎರಡನೇ ಪ್ರಶ್ನೆಗೆ ಮಾತ್ರ ಬರ್ತೀನಿ.

ಕ್ಯಾಮೆರಾಗೆ ಮುಖ ಮಾಡಿ ನಿಂತರೆ ನೋಡುಗರ ಎಡಗಡೆ ನಿಮ್ಮ ಬಲಗಡೆ. ಅಂದರೆ ಮಂಗಳೂರು ನಿಮ್ಮ ಬಲಗೈ ಕಡೆ, ಕೋಲಾರ ಎಡಗೈ ಕಡೆ. ಇದನ್ನ ಬಾಯಿಪಾಠ ಮಾಡಿದರೆ ಸಾಲದು, ಕೈಗೇ ಅಭ್ಯಾಸ ಆಗಬೇಕು. ಹಿಂದಿನ ಗೋಡೆಯಲ್ಲಿ ಏನೂ ಇರಲ್ಲ, ಹಸಿರು ಕಂಡ ಕಡೆಯೆಲ್ಲ ಗ್ರಾಫಿಕ್ಸ್ ಯಂತ್ರ ನಕ್ಷೆ ಕೂರಿಸುತ್ತೆ. ಎಡಬಲದಲ್ಲಿ ಫ್ರೇಮಿನ ಹೊರಗೆ ಒಂದೊಂದು ಮಾನಿಟರ್, ಕ್ಯಾಮೆರಾ ಕೆಳಗೆ ಇನ್ನೊಂದು ಇರುತ್ತೆ, ಅದರಲ್ಲಿ ನಿಮ್ಮನ್ನೂ ನಕ್ಷೆಯನ್ನೂ ಒಟ್ಟಿಗೆ ನೋಡಬೇಕು. ಮಾನಿಟರ್ ಚಿತ್ರ ಕನ್ನಡಿ ಥರ ಅಲ್ಲ, ಫೋಟೋ ಥರ. ಬಲಗೈ ಎತ್ತಿದರೆ ಪರದೆಯ ಎಡಗಡೆ ಏಳುತ್ತೆ. ಕನ್ನಡಿ ನೋಡಿ ತಲೆ ಬಾಚಿದ ಅಭ್ಯಾಸ ಇರೋದ್ರಿಂದ ಶುರುವಿನಲ್ಲಿ ಎಲ್ಲರ ಕೈಯೂ ಉಲ್ಟಾ ಹೋಗುತ್ತೆ. ಸಾಲದ್ದಕ್ಕೆ ಗ್ರಾಫಿಕ್ಸ್ ಯಂತ್ರ ದಾಟಿ ಬರೋ ಚಿತ್ರ ಒಂದೆರಡು ಫ್ರೇಮ್ ತಡವಾಗಿ ಬರುತ್ತೆ. ಕೈಯನ್ನ ಬೀಸಬೇಡಿ, ಒಯ್ದು ನಿಲ್ಲಿಸಿ, ಆಮೇಲೆ ಊರಿನ ಹೆಸರು ಹೇಳಿ.

ಯಾವ ಬದಿ ನಿಲ್ಲಬೇಕು? ಬೇಸಿಗೆಯಲ್ಲಿ ಅರಬ್ಬಿ ಸಮುದ್ರದ ಮೇಲೆ ನಿಲ್ಲಿ, ಅಲ್ಲಿ ತೋರಿಸೋಕೆ ಹೆಚ್ಚೇನೂ ಇರಲ್ಲ. ಜೂನ್ ಬಂತು ಅಂದರೆ ಮೋಡ ಬರೋದೇ ಆ ಕಡೆಯಿಂದ, ಆಗ ಆಂಧ್ರದ ಕಡೆ ಸರಿಯಿರಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಇದ್ದ ದಿನ ಉಪಗ್ರಹ ಚಿತ್ರಕ್ಕೊಂದು ಜಾಗ, ರಾಜ್ಯ ನಕ್ಷೆಗೆ ಇನ್ನೊಂದು. ನಡುವೆ ನಕ್ಷೆಯನ್ನ ದಾಟಿ ಆ ಕಡೆ ಹೋಗೋದಾದರೆ ಗ್ರಾಫಿಕ್ಸ್ ಬದಲಾಗೋ ಕ್ಷಣದಲ್ಲೇ ದಾಟಿ. ನಕ್ಷೆಗೆ ಹತ್ತಿರ ಇರೋ ಕೈಯಲ್ಲೇ ತೋರಿಸಬೇಕು. ದೂರದ ಕೈ ಎತ್ತಿದರೆ ಎದೆಗೆ ಅಡ್ಡ ಬರುತ್ತೆ, ಮೈ ತಿರುಗಿ ಬೆನ್ನು ಕಾಣುತ್ತೆ. ಒಂದು ಬೆರಳಲ್ಲಿ ಚುಚ್ಚಬೇಡಿ, ಅಂಗೈ ಬಿಡಿಸಿ ಊರಿನ ಕೆಳಗೆ ಹಿಡಿಯಿರಿ, ಹೆಸರು ಮುಚ್ಚಲ್ಲ.

ಕನ್ನಡ ಚಾನೆಲ್‌ಗಳಲ್ಲಿ ಬೇರೆಯೇ ಒಂದು ಕಾಟ ಇದೆ: ಕೆಳಗಿನ ಸ್ಕ್ರೋಲ್ ಪಟ್ಟಿ. ನಕ್ಷೆಯನ್ನ ಪೂರ್ತಿ ಫ್ರೇಮಿಗೆ ಕೂರಿಸಿದರೆ ಚಾಮರಾಜನಗರ, ಕೊಡಗಿನ ತುದಿ ಬ್ರೇಕಿಂಗ್ ಪಟ್ಟಿ ಕೆಳಗೆ ಹೋಗುತ್ತೆ, ಬೀದರ್ ಮೇಲೆ ಲೋಗೋ ಕೂರುತ್ತೆ. ಗ್ರಾಫಿಕ್ಸ್‌ನವರಿಗೆ ಪಟ್ಟಿ, ಲೋಗೋ ಎರಡನ್ನೂ ಹಾಕಿಕೊಂಡೇ ನಕ್ಷೆಯ ಅಳತೆ ಕೂರಿಸೋಕೆ ಹೇಳಿ.

ಬಟ್ಟೆ. ಹಸಿರು ಬೇಡ ಅಂತ ಎಲ್ಲರಿಗೂ ಗೊತ್ತು, ಕೈಕೊಡೋದು ಸಣ್ಣಪುಟ್ಟ ಹಸಿರು. ಹಸಿರು ಗಾಜಿನ ಬಳೆ ಹಾಕಿದರೆ ಮಣಿಕಟ್ಟಿನ ಜಾಗದಲ್ಲಿ ನಕ್ಷೆ ಕಾಣಿಸಿ ಕೈ ಬೇರೆ, ತೋಳು ಬೇರೆ ಆಗುತ್ತೆ. ಪಚ್ಚೆ ಕಲ್ಲಿನ ಓಲೆ, ಹೂವಿನ ದಂಡೆಯೊಳಗಿನ ಮರುಗ, ಹಸಿರು ಎಳೆ ಅಡ್ಡ ನೇಯ್ದ ರೇಷ್ಮೆ (ಒಂದು ಕೋನದಲ್ಲಿ ನೀಲಿ, ಇನ್ನೊಂದರಲ್ಲಿ ಹಸಿರು) ಎಲ್ಲವೂ ಅದೇ ಕಥೆ. ಜರಿ ಅಂಚು ಗೋಡೆಯ ಹಸಿರನ್ನ ಹಿಡಿದು ಹೊಳೆದರೆ ಸೆರಗಿನ ಅಂಚಲ್ಲಿ ತೂತು ಬೀಳುತ್ತೆ. ಸಣ್ಣ ಗೆರೆಯ ಶರ್ಟ್ ಪರದೆ ಮೇಲೆ ಅಲೆ ಅಲೆಯಾಗಿ ಮಿನುಗುತ್ತೆ, ಅದೂ ಬೇಡ. ಗೋಡೆಯಿಂದ ಐದಾರು ಅಡಿ ಮುಂದೆ ನಿಂತರೆ ಮೈಮೇಲೆ ಹಸಿರು ಬೆಳಕು ಚೆಲ್ಲೋದು ಕಡಿಮೆ, ನೆರಳೂ ಗೋಡೆಗೆ ಬೀಳಲ್ಲ. ಗೋಡೆ ಬದಲು ಹಸಿರು ಬಟ್ಟೆ ಇಳಿಬಿಟ್ಟಿದ್ದರೆ ಅದರಲ್ಲಿ ಸುಕ್ಕು ಇರಬಾರದು, ಸುಕ್ಕಿನ ನೆರಳು ನಕ್ಷೆ ಮೇಲೆ ಕಲೆಯಾಗಿ ಬರುತ್ತೆ. ಕಾಲರ್ ಮೈಕನ್ನ ಮಾಂಗಲ್ಯ ಸರ ಉಜ್ಜದ ಕಡೆ ಸಿಕ್ಕಿಸಿ.

ಚಿತ್ರ ಬದಲಿಸೋ ಕ್ಲಿಕ್ಕರ್ ತೋರಿಸದ ಕೈಯಲ್ಲಿ ಇರಲಿ. ಎರಡು ಸಲ ಒತ್ತಿ ಒಂದು ಚಿತ್ರ ಹಾರಿಹೋದರೆ "ಕ್ಷಮಿಸಿ" ಅಂತ ನಿಲ್ಲಬೇಡಿ, ಪರದೆ ಮೇಲೆ ಏನು ಇದೆಯೋ ಅದರ ಬಗ್ಗೆ ಮಾತಾಡಿ. ಪ್ರಾಂಪ್ಟರ್ ಇಲ್ಲದೆ ಇರೋದು ಈ ಕಾರಣಕ್ಕೆ ಒಳ್ಳೇದೇ. ಬಿಬಿಸಿಯ ಹವಾಮಾನದವರೂ ಬರೆದದ್ದು ಓದಲ್ಲ, ಚಿತ್ರ ನೋಡಿ ಮಾತಾಡ್ತಾರೆ.

90 ಸೆಕೆಂಡ್ ಅಂತ ಕೊಟ್ಟರೂ ಹಿಂದಿನ ಸುದ್ದಿ ಎಳೆದು ಕೊನೆಗೆ ಕಿವಿಯಲ್ಲಿ "ಅರವತ್ತು" ಅಂತಾರೆ. ಎಚ್ಚರಿಕೆ ಮೊದಲ 20 ಸೆಕೆಂಡಿನಲ್ಲೇ ಮುಗಿಸಿ. ನಾಳೆಯ ಮುನ್ಸೂಚನೆ ಅದರ ಹಿಂದೆ. ನಿನ್ನೆಯ ಮಳೆ ಪಟ್ಟಿ, ಬೆಂಗಳೂರಿನ ಉಷ್ಣಾಂಶ ಕೊನೆಗೆ ಇಟ್ಟುಕೊಳ್ಳಿ, ಕತ್ತರಿಸಿದರೂ ನಷ್ಟ ಇಲ್ಲ.

ಒಂದೂವರೆ_ನಿಮಿಷ:

ಬಳೆ, ಮರುಗದ ವಿಷಯ ಹೊಳೆದೇ ಇರಲಿಲ್ಲ, ಧನ್ಯವಾದ. ಇನ್ನೊಂದು: ಹಳ್ಳಿ ಕಡೆ ನೋಡುಗರು ಜಾಸ್ತಿ, ಆದ್ದರಿಂದ "ಮೃಗಶಿರಾ ಮಳೆ, ಆರಿದ್ರಾ ಮಳೆ" ಅಂತಲೂ ಹೇಳಿ ಅಂತಿದ್ದಾರೆ. ಹೇಳಬಹುದಾ?

ಬಯಲುಸೀಮೆ_ಬುಲೆಟಿನ್ ಉತ್ತರ:

ಹೇಳಿ, ತಪ್ಪೇನಿಲ್ಲ. ಆದರೆ ತಾರೀಖಿನ ಹಾಗೆ ಹೇಳಿ, ಕಾರಣದ ಹಾಗೆ ಬೇಡ. ಮಳೆ ನಕ್ಷತ್ರ ಎಂದರೆ ಸೂರ್ಯ ಆ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನ. ಮೃಗಶಿರಾ ಜೂನ್ ಮೊದಲ ವಾರದ ಕೊನೆಗೆ ಹುಟ್ಟುತ್ತದೆ, ಆರಿದ್ರಾ ಜೂನ್ 21-22ರ ಸುಮಾರಿಗೆ. ಬಿತ್ತನೆಯ ಲೆಕ್ಕ ರೈತರ ಬಾಯಲ್ಲಿ ಹೀಗೇ ಇದೆ. "ಆರಿದ್ರಾ ಮಳೆ ಹುಟ್ಟುವ ವಾರದಲ್ಲಿ ಉತ್ತರ ಒಳನಾಡಿನ ಕೆಲವು ಕಡೆ ಮಾತ್ರ ಮಳೆ" ಎಂದರೆ ಸರಿ. "ಆರಿದ್ರಾ ಬಂತು, ಮಳೆ ಬಂದೇ ಬರುತ್ತದೆ" ಎಂದರೆ ಅದು ಮುನ್ಸೂಚನೆಯಲ್ಲ.

ರೈತರಿಗೆ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಇನ್ನೊಂದು ವಿಷಯ ಇದೆ. ಇಲಾಖೆ ಕರ್ನಾಟಕವನ್ನು ಮೂರು ಭಾಗ ಮಾಡುತ್ತದೆ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಮಲೆನಾಡು ಎಂಬ ಭಾಗವೇ ಇಲ್ಲ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು ಎಲ್ಲ ದಕ್ಷಿಣ ಒಳನಾಡಿಗೆ ಸೇರಿವೆ, ಕೋಲಾರ, ಚಿತ್ರದುರ್ಗದ ಜೊತೆಗೆ. ಜುಲೈ ತಿಂಗಳಲ್ಲಿ "ದಕ್ಷಿಣ ಒಳನಾಡಿನ ಒಂದೆರಡು ಕಡೆ ಅತಿ ಭಾರಿ ಮಳೆ" ಎಂದು ಬಂದರೆ ಆ ಒಂದೆರಡು ಕಡೆ ಸಾಮಾನ್ಯವಾಗಿ ಘಟ್ಟದ ಮೇಲೇ ಇರುತ್ತದೆ. ಚಳ್ಳಕೆರೆಯ ಶೇಂಗಾ ಬೆಳೆಗಾರ ಇದನ್ನು ಕೇಳಿ ಗೊಬ್ಬರ ಹಾಕಲು ಕಾದರೆ ಕೆಟ್ಟ. ಬುಲೆಟಿನ್ ಜೊತೆಗೆ ಬರುವ ಜಿಲ್ಲಾವಾರು ಎಚ್ಚರಿಕೆ ನೋಡಿ, ಮಲೆನಾಡಿನ ಜಿಲ್ಲೆಗಳನ್ನು ಬಿಡಿಸಿ ಹೆಸರಿಟ್ಟು ಹೇಳಿ. ಹತ್ತು ಸೆಕೆಂಡ್ ಹೆಚ್ಚಾದೀತು, ಆಗಲಿ.

ಬೇಸಿಗೆಗೆ ಒಂದು ಮಾತು. "ಬಿಸಿಗಾಳಿ" ಕೂಡ ಅಳತೆಯಿರುವ ಪದ. ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಬೇಕು, ಕರಾವಳಿಯಲ್ಲಿ 37. ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. 45 ಮುಟ್ಟಿದರೆ ವಾಡಿಕೆಯ ಲೆಕ್ಕ ಬೇಕಿಲ್ಲ. ಬೆಂಗಳೂರು ನಗರದಲ್ಲಿ 2016ರ ಏಪ್ರಿಲ್ 24ರಂದು ದಾಖಲಾದ 39.2 ಡಿಗ್ರಿ ಎಂಥ ಸುದ್ದಿಯಾಯಿತು ನೆನಪಿಸಿಕೊಳ್ಳಿ, ಅದೂ 40ರ ಒಳಗೇ ಇತ್ತು. 36 ಡಿಗ್ರಿಗೆಲ್ಲ "ಬೆಂಗಳೂರಿಗೆ ಬಿಸಿಗಾಳಿ" ಎಂದು ಪಟ್ಟಿ ಓಡಿಸುವುದು ಬೇಡ. ಸೆಕೆ ಜೋರಾಗಿದೆ ಎಂದರೆ ಜನಕ್ಕೆ ಅರ್ಥವಾಗುತ್ತದೆ.

ಮುಂಗಾರು ಪ್ರವೇಶಕ್ಕೂ ಲೆಕ್ಕ ಇದೆ. ಮೇ 10ರ ನಂತರ, ಗೊತ್ತುಪಡಿಸಿದ 14 ಕೇಂದ್ರಗಳಲ್ಲಿ ಶೇ. 60ರಷ್ಟು ಕಡೆ ಸತತ ಎರಡು ದಿನ 2.5 ಮಿ.ಮೀ. ಅಥವಾ ಹೆಚ್ಚು ಮಳೆಯಾಗಬೇಕು, ಗಾಳಿ ಮತ್ತು ಮೋಡದ ಷರತ್ತುಗಳೂ ಕೂಡಬೇಕು. "ಕೇರಳಕ್ಕೆ ಮುಂಗಾರು" ಎನ್ನುತ್ತೇವೆ, ಆದರೆ ಆ ಹದಿನಾಲ್ಕರಲ್ಲಿ ನಮ್ಮ ಮಂಗಳೂರೂ ಒಂದು. ವಾಡಿಕೆಯ ದಿನ ಜೂನ್ 1. 2025ರಲ್ಲಿ ಮೇ 24ಕ್ಕೇ ಬಂತು. ಮೇ ತಿಂಗಳ ಗುಡುಗು ಮಳೆಗೆ ಮುಂಗಾರು ಎಂದು ಹೆಸರಿಡುವ ಮುಂಚೆ ಇಲಾಖೆಯ ಘೋಷಣೆ ಬಂದಿದೆಯೇ ನೋಡಿ.

ಚಾಕ್‌ಪೀಸ್ ಉತ್ತರ:

ತಪ್ಪಿದ ಮರುದಿನದ ಪ್ರಶ್ನೆಗೆ ಬ್ರಿಟನ್ನಿನ ಮೈಕೆಲ್ ಫಿಶ್ ಅವರ ವೃತ್ತಿ ಬದುಕೇ ಒಳ್ಳೆ ಪಾಠ. 1962ರಲ್ಲಿ ಅಲ್ಲಿನ ಹವಾಮಾನ ಇಲಾಖೆಗೆ ಸೇರಿದವರು. 1974ರಿಂದ 2004ರವರೆಗೆ, ಮೂವತ್ತು ವರ್ಷ, ಬಿಬಿಸಿ ಟಿವಿಯಲ್ಲಿ ಹವಾಮಾನ ಹೇಳಿದರು. ಕಾಂತದ ಚಿಹ್ನೆಗಳನ್ನು ನಕ್ಷೆಗೆ ಅಂಟಿಸುತ್ತಿದ್ದ ಕಾಲದಿಂದ ಕಂಪ್ಯೂಟರ್ ಗ್ರಾಫಿಕ್ಸ್‌ವರೆಗೆ ಎಲ್ಲ ಕಂಡರು. ಜನ ನೆನಪಿಟ್ಟುಕೊಂಡದ್ದು ಕೆಲವೇ ಸೆಕೆಂಡುಗಳನ್ನು. 1987ರ ಅಕ್ಟೋಬರ್ 15ರ ಮಧ್ಯಾಹ್ನದ ಬುಲೆಟಿನ್: ಚಂಡಮಾರುತ ಬರುತ್ತಿದೆಯಂತೆ ಎಂದು ಹೆಂಗಸೊಬ್ಬರು ಫೋನ್ ಮಾಡಿದ್ದರು, ಚಿಂತೆ ಬೇಡ, ಅಂಥದ್ದೇನೂ ಇಲ್ಲ ಎಂದು ಫಿಶ್ ಹೇಳಿದರು. ಆ ರಾತ್ರಿ ದಕ್ಷಿಣ ಇಂಗ್ಲೆಂಡಿನಲ್ಲಿ ಗಾಳಿ ಕೆಲವೆಡೆ ಗಂಟೆಗೆ 160 ಕಿ.ಮೀ. ಮೀರಿ ಬೀಸಿತು, ಸುಮಾರು ಒಂದೂವರೆ ಕೋಟಿ ಮರ ಉರುಳಿದವು, ಇಂಗ್ಲೆಂಡಿನಲ್ಲಿ 18 ಜನ ಸತ್ತರು.

ಪದದ ಲೆಕ್ಕದಲ್ಲಿ ಅವರು ಹೇಳಿದ್ದು ಸರಿಯೇ. ಬಂದದ್ದು ಉಷ್ಣವಲಯದ ಚಂಡಮಾರುತ ಅಲ್ಲ. ಗಾಳಿ ಜೋರಾಗಿರುತ್ತದೆ ಎಂದೂ ಅದೇ ಬುಲೆಟಿನ್ನಿನಲ್ಲಿ ಹೇಳಿದ್ದರು. ಮರ ಬಿದ್ದ ಮನೆಯವರಿಗೆ ಆ ವ್ಯತ್ಯಾಸ ಬೇಕಿರಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲೂ ಆ ತುಣುಕು ಹಾಕಿದರು! ಆ ಬಿರುಗಾಳಿಯ ನಂತರವೇ, 1988ರಲ್ಲಿ, ಬ್ರಿಟನ್ ತೀವ್ರ ಹವಾಮಾನದ ಎಚ್ಚರಿಕೆಗೆಂದೇ ರಾಷ್ಟ್ರೀಯ ವ್ಯವಸ್ಥೆ ಮಾಡಿತು.

ನಿಮಗೆ ಇದರಿಂದ ಸಿಗುವುದು: "ಇಲ್ಲ", "ಖಂಡಿತ", "ಚಿಂತೆ ಬೇಡ" ಈ ಮೂರನ್ನು ಬಾಯಿಂದ ದೂರ ಇಡಿ. ತಪ್ಪಿದರೆ ಮರುದಿನ ಮೊದಲ ವಾಕ್ಯದಲ್ಲೇ ಹೇಳಿ: "ನಿನ್ನೆ ಭಾರಿ ಮಳೆ ಎಂದಿದ್ದೆವು, ಆದದ್ದು ಎಂಟು ಮಿಲಿಮೀಟರ್; ಮೋಡದ ಸಾಲು ಉತ್ತರಕ್ಕೆ ಸರಿಯಿತು." ಕಾರಣವನ್ನು ಊಹಿಸಬೇಡಿ, ಬೆಂಗಳೂರಿನ ಹವಾಮಾನ ಕೇಂದ್ರಕ್ಕೆ ಮಧ್ಯಾಹ್ನವೇ ಫೋನ್ ಮಾಡಿ ಕೇಳಿ. ಬಡಾವಣೆಯ ಲೆಕ್ಕದಲ್ಲಿ "ಜಯನಗರಕ್ಕೆ ಸಂಜೆ ಐದಕ್ಕೆ ಮಳೆ" ಎಂದು ಹಿಂದಿನ ದಿನವೇ ಹೇಳುವ ಆಸೆಗೆ ಬೀಳಬೇಡಿ. ಮುನ್ಸೂಚನೆಯ ಕಂಪ್ಯೂಟರ್ ಲೆಕ್ಕ ನೆಲವನ್ನು ಚೌಕಗಳಾಗಿ ಹಂಚಿಕೊಳ್ಳುತ್ತದೆ; ಇಲಾಖೆ 2025ರಲ್ಲಿ ತಂದ ಭಾರತ್ ಫೋರ್ಕಾಸ್ಟ್ ಸಿಸ್ಟಂನ ಚೌಕ ಆರು ಕಿ.ಮೀ., ಅದಕ್ಕೂ ಮೊದಲು ಹನ್ನೆರಡು. ಬೇಸಿಗೆಯ ಗುಡುಗು ಮೋಡ ಅದಕ್ಕಿಂತ ಸಣ್ಣದಿರಬಹುದು. ಅಂಥದ್ದಕ್ಕೆ ರೇಡಾರ್ ನೋಡಿ ಕೊಡುವ ಮೂರು ಗಂಟೆಯ ಮುನ್ಸೂಚನೆ ಇದೆ, ಅದನ್ನು ಬಂದ ಕೂಡಲೇ ಪಟ್ಟಿಯಲ್ಲಿ ಓಡಿಸಬೇಕು. ರಾತ್ರಿ ವಾರ್ತೆಗೆ ಕಾದಿಟ್ಟರೆ ಹಳಸುತ್ತದೆ.

ವೃತ್ತಿಯ ವಿಷಯ. ಫಿಶ್ ಕಾಲದ ಬಿಬಿಸಿಯಲ್ಲಿ ಪರದೆಗೆ ಬರುತ್ತಿದ್ದವರು ಇಲಾಖೆಯ ನೌಕರರೇ. 1954ರ ಜನವರಿ 11ರಂದು ಮೊದಲ ಬಾರಿ ಕ್ಯಾಮೆರಾ ಮುಂದೆ ನಕ್ಷೆ ಹಿಡಿದು ನಿಂತ ಜಾರ್ಜ್ ಕೌಲಿಂಗ್ ಕೂಡ. ಅಮೆರಿಕದಲ್ಲಿ ಹವಾಮಾನ ಶಾಸ್ತ್ರ ಓದಿದವರಿಗೆ ಅಲ್ಲಿನ ಹವಾಮಾನ ಸಂಘ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತದೆ. ನಮ್ಮ ಚಾನೆಲ್‌ಗಳಲ್ಲಿ ಹೇಳುವವರು ಪತ್ರಕರ್ತರು, ಮುನ್ಸೂಚನೆ ಇಲಾಖೆಯದು. ಹಾಗಾಗಿ ಬರೀ ಇದೊಂದರಿಂದ ಜೀವನ ಸಾಗುವ ಹುದ್ದೆಗಳು ಕಡಿಮೆ, ಇದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ. ಪ್ರವಾಹ, ಬರ, ಕೃಷಿ, ಅಣೆಕಟ್ಟಿನ ನೀರಿನ ಮಟ್ಟದ ವರದಿಗಾರಿಕೆ ಜೊತೆಗಿದ್ದರೆ ನಿಲ್ಲಬಹುದು. ಶಾಸ್ತ್ರವನ್ನೇ ಓದುವ ಮನಸ್ಸಿದ್ದರೆ ಕೊಚ್ಚಿ ಮತ್ತು ಆಂಧ್ರ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪದವಿ ಇದೆ, ಆದರೆ ಅದಕ್ಕೆ ಭೌತಶಾಸ್ತ್ರ, ಗಣಿತದ ಪದವಿ ಬೇಕು. ಪತ್ರಿಕೋದ್ಯಮದವರಿಗೆ ಹತ್ತಿರದ ದಾರಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ (ಜಿ.ಕೆ.ವಿ.ಕೆ.) ಕೃಷಿ ಹವಾಮಾನ ವಿಭಾಗದವರ ಜೊತೆ ಕೂತು ಅವರ ಸಲಹಾ ಪತ್ರ ಹೇಗೆ ತಯಾರಾಗುತ್ತದೆ ನೋಡುವುದು.

ಕಡಲ_ಕರೆ ಉತ್ತರ:

ಮೇಲಿನವರು ಚಂಡಮಾರುತ ಬಿಟ್ಟಿದ್ದಾರೆ, ಮೇ ಮತ್ತು ಅಕ್ಟೋಬರ್-ನವೆಂಬರಿಗೆ ಬೇಕೇ ಬೇಕು.

ವಾಯುಭಾರ ಕುಸಿತಕ್ಕೆಲ್ಲ ಚಂಡಮಾರುತ ಅನ್ನಬಾರದು. ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದ ಮೇಲೆ ಚಂಡಮಾರುತ, ಹೆಸರು ಸಿಗೋದೂ ಆಗಲೇ. ಹೊರಗಿನ ಆ್ಯಪ್‌ಗಳು ಗಾಳಿಯನ್ನ ನಾಟ್‌ನಲ್ಲಿ (ಗಂಟೆಗೆ ಒಂದು ಸಮುದ್ರ ಮೈಲಿ) ಕೊಡ್ತವೆ, ಗಂಟೆಗೆ ಎಷ್ಟು ಕಿ.ಮೀ. ಅಂತ ತಿಳಿಯೋಕೆ 1.85ರಿಂದ ಗುಣಿಸಿ.

ದಿಕ್ಕಿನಲ್ಲಿ ಮೂರು ಥರ ಇದೆ. ನೈಋತ್ಯ ಮಾರುತ ಅಂದರೆ ನೈಋತ್ಯದಿಂದ ಬರೋ ಗಾಳಿ. "ಕಾರವಾರದಿಂದ 300 ಕಿ.ಮೀ. ನೈಋತ್ಯಕ್ಕೆ ಚಂಡಮಾರುತ" ಅಂದರೆ ಅದು ಇರೋ ಜಾಗ. "ವಾಯವ್ಯಕ್ಕೆ ಚಲಿಸಲಿದೆ" ಅಂದರೆ ಹೋಗೋ ಕಡೆ. ಮೂರಕ್ಕೂ ಬಾಣದ ಗುರುತು ಹಾಕುವಾಗ ಗ್ರಾಫಿಕ್ಸ್‌ನವರು ಗಾಳಿಯ ಬಾಣವನ್ನ ಉಲ್ಟಾ ಹಾಕೋದು ಮಾಮೂಲು. ಮುಂಗಾರಿನ ಬಾಣ ಸಮುದ್ರದಿಂದ ನೆಲದ ಕಡೆಗಿದೆಯಾ ಅಂತ ಪ್ರಸಾರಕ್ಕೆ ಮುಂಚೆ ಒಂದ್ಸಲ ನೋಡಿ.

ಚಂಡಮಾರುತ ಗುಜರಾತಿಗೆ ಹೋಗುತ್ತೆ ಅಂದ ತಕ್ಷಣ ನಮಗೇನೂ ಇಲ್ಲ ಅನ್ನೋ ಧಾಟಿ ಬೇಡ. 2021ರ ಮೇನಲ್ಲಿ ಬಂದದ್ದು ಮೇ 17ರಂದು ಗುಜರಾತಿನ ದಡ ಹತ್ತಿತು, ಅದಕ್ಕೂ ಮೊದಲು ನಮ್ಮ ಕರಾವಳಿಗೆ ಸಮಾನಾಂತರವಾಗಿ ಸಾಗಿ ಇಲ್ಲೂ ಕಡಲ್ಕೊರೆತ ಮಾಡಿತ್ತು. ಮೀನುಗಾರರಿಗೆ ಕೊಡೋ ಎಚ್ಚರಿಕೆ ಬೇರೆಯೇ ಬರುತ್ತೆ, ಅದನ್ನ ತಾರೀಖು ಸಮೇತ ಓದಿ. ಆಳಸಮುದ್ರದ ಬೋಟು ಹೋಗಿ ಹತ್ತು ದಿನ ಆಗಿರಬಹುದು, "ಇಳಿಯಬೇಡಿ" ಜೊತೆಗೆ "ಹೋದವರು ಯಾವಾಗಿನ ಒಳಗೆ ದಡ ಸೇರಬೇಕು" ಅನ್ನೋದೂ ಬೇಕು.

ಅದೇ ಚಂಡಮಾರುತದ ಹೆಸರನ್ನ ನಮ್ಮಲ್ಲಿ "ತೌಕ್ತೆ" ಅಂತಲೇ ಓದಿದರು. ಮ್ಯಾನ್ಮಾರ್ ಕೊಟ್ಟ ಹೆಸರು, ಒಂದು ಜಾತಿಯ ಹಲ್ಲಿ, ಉಚ್ಚಾರ "ತೌತೆ". ಇಲಾಖೆಯ ಹೆಸರಿನ ಪಟ್ಟಿಯಲ್ಲಿ ಪಕ್ಕದಲ್ಲೇ ಉಚ್ಚಾರಣೆ ಬರೆದಿರ್ತಾರೆ. 13 ದೇಶ ಕೊಟ್ಟ 169 ಹೆಸರು. ಸರದಿಯಲ್ಲಿ ಮುಂದಿನ ಐದನ್ನ ಈಗಲೇ ಕನ್ನಡದಲ್ಲಿ ಬರೆದು ಗ್ರಾಫಿಕ್ಸ್‌ನವರಿಗೂ ಸ್ಕ್ರೋಲ್‌ನವರಿಗೂ ಒಂದೇ ಕಾಗುಣಿತ ಕೊಟ್ಟಿಡಿ. ಇಲ್ಲದಿದ್ದರೆ ಪರದೆ ಮೇಲೊಂದು, ಪಟ್ಟಿಯಲ್ಲೊಂದು, ನಿಮ್ಮ ಬಾಯಲ್ಲೊಂದು.